ನೇರಳೆ ಪೈಪಿನ ನೀರು

"ಮೂತಿ ತೊಳ್ಕೊಳೋಕೊಂದು ಬೋಗುಣಿ, ಕುಂಡಿ ತೊಳ್ಕೊಳೋಕೊಂದು ಬೋಗುಣಿ! ಲೇ ಜಿಪ್ಸಿ ಮುಂಡೆ, ಇದೇನು ನಿಮ್ಮಪ್ಪನ ಅರಮನೇನಾ?"

ಡೈರೆಕ್ಟರ್ ವೋಯ್ಕು ಬಿಳಿ ಬೋಗುಣಿಯನ್ನು ಬೂಟುಗಾಲಿನಿಂದ ಒದ್ದ. ಅದು ಹೋಗಿ ಚರಂಡಿಯ ಜಾಲರಿಗೆ ಬಡಿದು ಬೋರಲಾಯಿತು. ಗರೋಫಿತ್ಸ ಸೊಂಟದವರೆಗೆ ತೊಟ್ಟಿಯೊಳಗೆ ನಿಂತಿದ್ದಳು. ಚೀಸ್ ಫ್ಯಾಕ್ಟರಿಯ ಕೊಳಕು ನೀರೆಲ್ಲ ಮೊದಲು ಬಂದು ಬೀಳುವುದು ಆ ತೊಟ್ಟಿಗೇ. ಹುಳಿತ ಹಾಲು, ನೆಲ ತೊಳೆದ ಸೋಪು, ಬೂಟು ತೊಳೆದ ಕೆಸರು ಎಲ್ಲ ಸೇರಿ ಮೇಲೆ ಅಂಗೈ ದಪ್ಪ ಜಿಡ್ಡು ಕಟ್ಟುತ್ತದೆ. ಅದನ್ನು ಸಲಿಕೆಯಲ್ಲಿ ಬಾಚಿ ಹೊರಗೆ ಹಾಕುವುದು ಅವಳ ಕೆಲಸ, ಅವಳ ನಾದಿನಿ ಸಾಫ್ತಳ ಕೆಲಸ, ಒಟ್ಟಿನಲ್ಲಿ ಜಿಪ್ಸಿಗಳ ಕೆಲಸ. ರೊಮೇನಿಯನ್ನರು ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಆ ನಾತ ಕೂದಲಿಗೆ ಹತ್ತಿದರೆ ಮೂರು ದಿನ ಬಿಡುವುದಿಲ್ಲ. ತುತ್ತು ಬಾಯಿಗಿಟ್ಟರೆ ಮೊದಲು ಗಂಟಲಿಗಿಳಿಯುವುದು ಅದೇ.

ತಾಮ್ರದ ಹಂಡೆ ಬಡಿಯುವ ಅವಳ ಕುಲದಲ್ಲಿ ಸೊಂಟದ ಮೇಲಕ್ಕೂ ಕೆಳಕ್ಕೂ ಒಂದೇ ನೀರು ಮುಟ್ಟಿಸುವುದಿಲ್ಲ. ಮುಖಕ್ಕೆ ಬಿಳಿ ಬೋಗುಣಿ, ಕಾಲಿಗೆ, ಲಂಗಕ್ಕೆ ಕೆಂಪು. ಕುಡಿಯುವ ನೀರಿಗೆ ಹೆಂಗಸಿನ ಲಂಗ ಸೋಕಿದರೆ ಪಾತ್ರೆಯನ್ನೇ ಎಸೆಯುತ್ತಾರೆ, ಸೋಕಿಸಿದವಳನ್ನು ಊಟದಿಂದ ಎಬ್ಬಿಸುತ್ತಾರೆ. ಇಂಥವರನ್ನೇ ಊರೆಲ್ಲ ಗಲೀಜು ಜನ ಎಂದು ಬೈಯುತ್ತದೆ.

ಫ್ಯಾಕ್ಟರಿಯ ಹಿತ್ತಲ ಕೋಣೆಯಲ್ಲಿ ಒಂದು ನಲ್ಲಿ ಇತ್ತು, ಊರಿನ ನೀರಿನದು. ಕೆಲಸ ಮುಗಿಸಿದ ಏಳು ಮಂದಿ ಹೆಂಗಸರು ಅಲ್ಲೇ ಮುಖ ತೊಳೆದು, ಅಲ್ಲೇ ನೀರು ಕುಡಿದು ರೊಟ್ಟಿ ಮುರಿಯುತ್ತಿದ್ದರು. ಕಳೆದ ಸೋಮವಾರ ಫಿಟ್ಟರು ಬಂದು ಆ ಪೈಪು ಕತ್ತರಿಸಿ, ನೇರಳೆ ಬಣ್ಣದ ಪೈಪು ಜೋಡಿಸಿ ಹೋದ. ತೊಟ್ಟಿಯ ನೀರನ್ನು ಸೋಸಿ, ಗಾಳಿ ಊದಿ, ಮತ್ತೆ ಸೋಸಿ, ಲಾರಿ ಅಂಗಳ ತೊಳೆಯಲೆಂದು ತಿರುಗಿ ತರುವ ಪೈಪು ಅದು. ಹೊಳೆಯಿಂದ ಎತ್ತುವ ನೀರು ಅರ್ಧಕ್ಕಿಳಿಯಿತೆಂದು ಪತ್ರಿಕೆಯಲ್ಲೂ ಬಂದಿತ್ತು. ಒಳ್ಳೆಯದೇ, ಹೊಳೆ ಬದುಕಲಿ. ಆದರೆ ಇನ್ನಷ್ಟು ಇಳಿಸುವ ಹುಚ್ಚಿನಲ್ಲಿ ಆ ಬೋಳಿಮಗ ವೋಯ್ಕುವಿನ ಕಣ್ಣಿಗೆ ಬಿದ್ದದ್ದು ಈ ಏಳು ಹೆಂಗಸರ ನಲ್ಲಿ. ಆಫೀಸಿನ ಕಡೆ ಒಂದು ನಲ್ಲಿಯನ್ನೂ ಅವನು ಮುಟ್ಟಿರಲಿಲ್ಲ.

"ಸಾಹೇಬ್ರೇ, ಆ ನೀರು ಕುಡಿಯಾಕಾಗಲ್ಲ," ಎಂದಳು ಗರೋಫಿತ್ಸ. "ಸಾಫ್ತಂಗೆ ಮೈಯೆಲ್ಲ ಗಂಧೆ ಎದ್ದೈತೆ. ನಮ್ ನಲ್ಲಿ ನಮ್ಗೆ ಬಿಡಿ."

"ಮೂರ್ ಸಲ ಸೋಸಿರೋ ನೀರು ಕಣೇ. ಹುಟ್ಟಿದಾಗಿಂದ ನಿನ್ ಕೇರೀಲಿ ಇಂಥ ನೀರು ಕಂಡಿದ್ಯಾ? ಮೇಲಿಂದು, ಕೆಳಗಿಂದು ಅನ್ನೋದೆಲ್ಲ ನಿಮ್ ತಲೇಲಿರೋ ಹೇನು."

"ಹಂಗಾದ್ರೆ ನಿಮ್ ಆಫೀಸಿಗೂ ಅದೇ ಪೈಪ್ ಹಾಕ್ಸಿ."

"ನಾಲಿಗೆ ಸೀಳ್ಬಿಡ್ತೀನಿ, ಲೌಡಿ! ನಾಳೆ ರಾಜಧಾನಿಯಿಂದ ದೊಡ್ಡೋರು ಬರ್ತಾರೆ. ನಿಮ್ ದರಿದ್ರ ಮೂತಿಗಳು ಈ ಕಡೆ ಕಾಣಿಸ್ಕೂಡ್ದು."

ಅವನು ಹೋದ ಮೇಲೆ ಸಾಫ್ತ ಬೋಗುಣಿ ಎತ್ತಿ ತಂದಳು. "ಬಿಡತ್ಗೆ, ಈ ಸೂಳೆಮಗನತ್ರ ಏನ್ ನ್ಯಾಯ. ಮನೆಯಿಂದ್ಲೇ ಬಾಟ್ಲೀಲಿ ತಂದ್ರಾಯ್ತು."

"ಏಳ್ ಮಂದಿ ಮೈ ತೊಳ್ಕೊಳಾಕೆ ಎಷ್ಟ್ ಬಾಟ್ಲಿ ಹೊರ್ತೀಯೇ? ನಾಲ್ಕ್ ದಿನ ಆಯ್ತು, ಈ ನಾತದಲ್ಲೇ ಮಗೀಗೆ ಹಾಲೂಡುಸ್ತಿದ್ದೀಯ."

ಮಾರನೆಯ ದಿನ ಅಂಗಳದಲ್ಲಿ ಗಾಜಿನ ತೊಟ್ಟಿಯೊಂದನ್ನು ಇಟ್ಟು, ನೇರಳೆ ಪೈಪಿನ ನೀರು ತುಂಬಿ, ಸುತ್ತ ಹೂಕುಂಡ ಜೋಡಿಸಿದ್ದರು. ಬಿಳಿ ಟೋಪಿಯ ಎಂಟು ಮಂದಿ ಅತಿಥಿಗಳು ನಿಂತಿದ್ದರು. "ಕನ್ನಡಿ ಇದ್ದಂಗಿದೆ ನೋಡಿ. ನಾನೇ ಕುಡೀತೀನಿ," ಎಂದು ವೋಯ್ಕು ಲೋಟ ಎತ್ತಿ ಗಟಗಟ ಕುಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅತಿಥಿಗಳು ಬರುವ ಮೊದಲೇ ಆ ಲೋಟಕ್ಕೆ ಅಂಗಡಿಯ ಬಾಟಲಿಯಿಂದ ನೀರು ಬಗ್ಗಿಸಿದ್ದನ್ನು ಗರೋಫಿತ್ಸ ಬಾಗಿಲ ಸಂದಿಯಿಂದ ಕಂಡಿದ್ದಳು.

ಸಲಿಕೆ ಬಿಸಾಡಿ ನೇರ ನಡೆದು ಬಂದಳು. ಅತಿಥಿಗಳು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು. ರಬ್ಬರಿನ ಏಪ್ರನ್ ಬಿಚ್ಚಿ, ಗಾಜಿನ ತೊಟ್ಟಿಯ ಅಂಚಿಗೆ ಕೂತು, ಒಳಲಂಗದ ತುದಿಯನ್ನು ನೀರಿಗೆ ಅದ್ದಿ ತಿಕ್ಕತೊಡಗಿದಳು.

"ಅತ್ಗೇ, ಬ್ಯಾಡಾ!" ಹಿಂದೆಯೇ ಬಾಗಿಲಿಗೆ ಬಂದ ಸಾಫ್ತ ಕಿರುಚಿ ಮುಖ ಮುಚ್ಚಿಕೊಂಡಳು. ಉಳಿದ ಐವರು ಹೆಂಗಸರು ಬೆನ್ನು ತಿರುಗಿಸಿದರು. ಇನ್ನು ಹಿರಿಯರು ಕೂತು ತೀರ್ಮಾನಿಸುವ ತನಕ ಗಂಡನೂ ಅವಳ ಕೈಯ ಕಾಫಿ ಮುಟ್ಟುವುದಿಲ್ಲ. ಗರೋಫಿತ್ಸಳಿಗೆ ಅದು ಗೊತ್ತಿತ್ತು. ತಿಕ್ಕುತ್ತಲೇ ಇದ್ದಳು. ನೀರು ಬೆಳ್ಳಗಾಗಿ ಮೇಲೆ ಜಿಡ್ಡು ತೇಲಿತು.

ವೋಯ್ಕು ನಗಲು ನೋಡಿದ. "ತಲೆ ಕೆಟ್ಟೋಳು, ಮನಸ್ಸಿಗೆ ಹಚ್ಕೋಬೇಡಿ..."

ಅವಳು ಎದ್ದು, ಅವನ ಕೈಯಿಂದಲೇ ಲೋಟ ಕಿತ್ತು, ತೊಟ್ಟಿಯಲ್ಲಿ ಅದ್ದಿ ತುಂಬಿದಳು.

"ನಮ್ ಏಳ್ ಜನಕ್ಕೆ ಇದೇ ಪೈಪಿನ ನೀರು ಕುಡೀರಿ ಅಂದೋನು ಇವ್ನೇ," ಎಂದಳು ಅತಿಥಿಗಳ ಕಡೆ ತಿರುಗಿ. ಆಮೇಲೆ ಅವನಿಗೆ, "ಕುಡಿಯೋ."

ಕಾವಲಿನವರಿಬ್ಬರು ಓಡಿ ಬಂದು ಅವಳ ಎಡ ರಟ್ಟೆ ತಿರುಚಿ ಹಿಡಿದರು. ಬಲಗೈಯ ಲೋಟವನ್ನು ಅವಳು ಒಂದು ಹನಿಯೂ ಚೆಲ್ಲದಂತೆ ಅವನ ಬಾಯಿಯ ಹತ್ತಿರ ಹಿಡಿದೇ ಇದ್ದಳು.