ಸುಲೋಚನಾಳಿಗೆ ಬಂದದ್ದು ಜ್ವರವಲ್ಲ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಇಂದುಮತಿಯವರ ಹಟ. ತುಂಬಿದ ಬಸುರಿಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ತವರೇ ಧಾರವಾಡದಿಂದ ಎದ್ದು ಕೋಲ್ಕತ್ತಾದ ನ್ಯೂ ಟೌನಿಗೆ ಬಂತು, ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡೆ, ಅಳವಿ ಬೀಜ, ಹಳೇ ಸೀರೆಯ ಕೌದಿಗಳ ಸಮೇತ. ಬಂದು ನೋಡಿದರೆ ಮಗಳು ತನ್ಮಯಿ ಆಸ್ಪತ್ರೆ ಬೇಡವೆಂದು, ಬಾಲಿಗಂಜಿನಲ್ಲಿ ಸೂಲಗಿತ್ತಿಯರೇ ನಡೆಸುವ ಹೆರಿಗೆಮನೆಯೊಂದನ್ನು ಗೊತ್ತುಮಾಡಿಕೊಂಡು ಕೂತಿದ್ದಳು. ಸಂಶೋಧನೆ ಮಾಡುವ ಹುಡುಗಿ, ಓದದ ಪುಸ್ತಕವಿಲ್ಲ.

“ಆಸ್ಪತ್ರಿಯೊಳಗ ಸುಮ್‌ಸುಮ್ನ ಹೊಟ್ಟಿ ಕೊಯ್ತಾರಮ್ಮಾ. ನೀ ಮನಿಯೊಳಗ ನನ್ನ ಹೂ ಎತ್ತಿಧಂಗ ಹಡೀಲಿಲ್ಲೇನು?”

ಆ ಕಥೆಯನ್ನು ಹೇಳಿ ಹೇಳಿ ಬೆಳೆಸಿದವರು ಇಂದುಮತಿಯೇ. ನಿಜ ಬೇರೆ ಇತ್ತು. ತನ್ಮಯಿ ಹುಟ್ಟಿದ ಮೇಲೆ ರಕ್ತ ನಿಲ್ಲದೆ ಅವರನ್ನು ಬಾಡಿಗೆ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದಿದ್ದರು. ಅವರಕ್ಕ ಸುಲೋಚನಾ ಅದಕ್ಕೂ ಮೂರು ವರ್ಷ ಮೊದಲು ಹಾಗೆಯೇ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡಿದ್ದಳು. ಮನೆಯವರು ಜ್ವರವೆಂದರು, ಜ್ವರವೆಂದೇ ಉಳಿಯಿತು. ಬಸುರಿಯ ಮುಂದೆ ಸಾವಿನ ಮಾತೆತ್ತಬಾರದು, ಸರಿ. ಆದರೆ ಆ ತುಂಬಿದ ಮನೆಯಲ್ಲಿ ಯಾವಾಗಲೂ ಒಬ್ಬರಲ್ಲ ಒಬ್ಬರು ಬಸುರಿಯೇ! ಹೀಗಾಗಿ ನಿಜ ಹೇಳುವ ಹೊತ್ತು ಬರಲೇ ಇಲ್ಲ.

ಎರಡು ವಾರ ಇಂದುಮತಿ ಸುತ್ತಿ ಬಳಸಿ ನೋಡಿದರು. ಆಸ್ಪತ್ರೆ ಮನೆಗೆ ಹತ್ತಿರ ಎಂದರು, ಬಾಲಿಗಂಜಿನ ದಾರಿಯಲ್ಲಿ ಟ್ರಾಫಿಕ್ಕು ಎಂದರು. “ಖರೇ ಕಾರಣ ಹೇಳಮ್ಮಾ,” ಎಂದು ಮಗಳು ಕೇಳಿದಾಗ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕೊನೆಗೆ ತಪಾಸಣೆಯ ದಿನ ಅವರೂ ಜೊತೆಗೆ ಹೋದರು. ಅಲ್ಲಿನ ಹಿರಿಯ ಸೂಲಗಿತ್ತಿ ಶಿಪ್ರಾದಿ, ಅಂದರೆ ಶಿಪ್ರಾ ಅಕ್ಕ, ನರ್ಸಿಂಗ್ ಓದಿ ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವರು. ಬಸುರಿಯ ತಾಯಿ ಬಂದರೆ ಮನೆತನದ ಹೆರಿಗೆಗಳ ವಿಚಾರವನ್ನು ತಾಯಿಯನ್ನೇ ಇನ್ನೊಮ್ಮೆ ಕೇಳುವುದು ಅವರ ರೂಢಿ. ಬಂಗಾಳಿಯಲ್ಲಿ ಏನೋ ಕೇಳಿದರು.

“ಹಡಿಯೋ ಮುಂದ ನಿನಗ ಭಾಳ ರಕ್ತ ಹೋಗಿತ್ತೇನು, ನಮ್ಮ ಮನಿಯೊಳಗ ಮತ್ತ ಯಾರಿಗರ ಹೋಗಿತ್ತೇನು ಅಂತ ಕೇಳ್ಲಿಕತ್ತಾರ,” ಎಂದ ತನ್ಮಯಿ, “ನಾ ಮೊದ್ಲ ಇಲ್ಲಂತ ಬರಿಸೇನಿ,” ಎಂದು ತಾನೇ ಮುಗಿಸಿದಳು.

ಇಂದುಮತಿಗೆ ಬಂಗಾಳಿ ಬಾರದು, ಹಿಂದಿ ತರಕಾರಿ ಕೊಳ್ಳುವಷ್ಟು. ಏನು ಹೇಳಬೇಕಾದರೂ ಬಸುರಿ ಮಗಳ ಬಾಯಿಂದಲೇ ಹೇಳಿಸಬೇಕು. ಎಂಥ ಕೆಲಸಕ್ಕೆ ಹಚ್ಚಿದೆಯಪ್ಪಾ ಎಂದು ಅವರಿಗೆ ದೇವರ ಮೇಲೆಯೇ ಸಿಟ್ಟು ಬಂತು.

“ಹೋಗಿತ್ತು. ಎರಡು ದಿನ ಎಚ್ಚರಿರಲಿಲ್ಲ, ಆರು ಬಾಟ್ಲಿ ರಕ್ತ ಏರಿಸಿದ್ರು ಅಂತ ಹೇಳು. ನಿಮ್ಮ ದೊಡ್ಡಮ್ಮ ಸುಲೋಚನಾ ಅದರಾಗ ಹೋದ್ಲು ಅಂತ ಹೇಳು.”

ತನ್ಮಯಿ ಮೊದಲ ಮಾತನ್ನು ಹೇಗೋ ಬಂಗಾಳಿಗೆ ತಿರುಗಿಸಿದಳು. ಎರಡನೆಯದಕ್ಕೆ ತಾಯಿಯ ಕಡೆ ನೋಡಿದಳು.

“ಜ್ವರ ಅಂದಿದ್ದಿ.”

“ಜ್ವರಲ್ಲ. ಅವರಿಗೆ ಹೇಳು.”

ಹೇಳಿದಳು. ಶಿಪ್ರಾದಿ ಪೆನ್ನು ಕೆಳಗಿಟ್ಟರು. ತನ್ಮಯಿಯ ರಕ್ತದ ಪರೀಕ್ಷೆಗಳಾಗಬೇಕು, ಬ್ಲಡ್ ಬ್ಯಾಂಕ್ ಇರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು, ಇಲ್ಲಿ ತಾನು ಒಪ್ಪಲಾರೆ ಎಂದು ಮೆಲ್ಲಗೆ ಹೇಳಿ, ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಮನೆಗೆ ಮರಳುವ ಟ್ಯಾಕ್ಸಿ ಪಾರ್ಕ್ ಸರ್ಕಸ್ ಚೌಕ ದಾಟಿತು.

“ಅವರು ಕೇಳದಿದ್ರ?” ಎಂದಳು ತನ್ಮಯಿ. “ನಿನ್ನ ಮಾತು ನಂಬಿ ನಾ ಅಲ್ಲೇ ಹಡೀತಿದ್ದೆ.”

ತಪ್ಪು ತಪ್ಪೇ, ಇಂದುಮತಿಗೆ ಅದು ಗೊತ್ತಿತ್ತು. “ನೀ ಹುಟ್ಟೋ ಮುಂದ ನಾ ಸಾಯ್ತಿದ್ದೆ ಅಂತ ಕೂಸಿಗೆ ಹೆಂಗ ಹೇಳ್ಲಿ, ತನೂ?” ಎಂದರು.

ತನ್ಮಯಿ ಅತ್ತಳು. ಸಿಟ್ಟಿಗೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ.

“ನನಗ ಅಂಜಿಕಿ ಬರ್ಲಿಕತ್ತದಮ್ಮಾ. ಇಷ್ಟು ದಿನ ಇರಲಿಲ್ಲ.”

ಏನೂ ಆಗೂದಿಲ್ಲ ಎನ್ನಲು ಇಂದುಮತಿ ಬಾಯಿ ತೆರೆದರು. ಅದನ್ನು ಯಾರು ಕಂಡಿದ್ದಾರೆ? ಮಗಳ ಕೈ ಹಿಡಿದುಕೊಂಡರು.

“ನನಗೂ,” ಎಂದರು.