ಚೀಟಿಯ ಕೆಳಗಿನ ನೀಲಿ

ನಾನೊಂದು ನೀಲಿ ಹಾಳೆ. ನನ್ನ ಅಪ್ಪ ಬಳ್ಳಾರಿಯ ಬಿಸಿಲು, ಅವ್ವ ಹಂಪಮ್ಮ. ನಮ್ಮೂರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಜನ ಗೊಣಗುತ್ತಾರೆ. ಗೊಣಗಲಿ ಬಿಡಿ. ಆ ಬಿಸಿಲಿಲ್ಲದಿದ್ದರೆ ನಾನೆಲ್ಲಿ ಹುಟ್ಟುತ್ತಿದ್ದೆ?

ಹಂಪಮ್ಮ ಹೆಣ್ಣುಮಕ್ಕಳ ಶಾಲೆಯ ಟೀಚರು. ಇದ್ದದ್ದು ಅಣ್ಣ ಚನ್ನವೀರಪ್ಪನ ಮನೆಯಲ್ಲಿ. ಅಣ್ಣ ಇಂಜಿನಿಯರ್ ಕಚೇರಿಯಲ್ಲಿ ನಕ್ಷೆ ಬರೆಯುವವನು. ನಕ್ಷೆಯ ಪ್ರತಿ ತೆಗೆಯಲು ಅಲ್ಲಿ ಹಾಳೆಗೆ ಒಂದು ಮದ್ದು ಬಳಿದು, ಬಿಸಿಲಿಗಿಟ್ಟು, ನೀರಲ್ಲಿ ತೊಳೆಯುತ್ತಿದ್ದರು. ಬಿಸಿಲು ತಾಗಿದಲ್ಲಿ ನೀಲಿ, ನೆರಳು ಬಿದ್ದಲ್ಲಿ ಬಿಳಿ. ಮಿಕ್ಕ ಮದ್ದನ್ನು ಅಣ್ಣ ಒಮ್ಮೆ ಮನೆಗೆ ತಂದ. ತಂಗಿಗೆ ಹೊಳೆದದ್ದು ನಕ್ಷೆಯಲ್ಲ, ಗಿಡ. ಸರಿ, ರಜೆ ಬಂತೆಂದರೆ ಗುಡ್ಡ ಸುತ್ತಿ ಗಿಡಗಂಟಿ ತಂದು ಹಾಳೆಯ ಮೇಲೆ ಮಲಗಿಸುವುದೇ ಅವಳ ಕೆಲಸವಾಯಿತು.

ನನ್ನ ಪಾಲಿಗೆ ಬಂದದ್ದು ನೆಗ್ಗಿಲು. ಅತ್ತಿಗೆ ಗೌರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಲ್ಲವ್ವಾ, ಊರಾಗ ಮಲ್ಲಿಗಿ ಇಲ್ಲೇನು? ಕಾಲಿಗೆ ಚುಚ್ಚೋ ಮುಳ್ಳೇ ಬೇಕಾತೇನು ನಿನಗ?"

"ಮಲ್ಲಿಗಿ ಎಲ್ಲಾರೂ ನೋಡ್ತಾರ, ಅತ್ತಿಗಿ. ಇದನ್ನ ತುಳದೋರೇ ಎಲ್ಲಾ. ನೋಡಿದೋರು ಯಾರದಾರ?" ಅಂದಳು ಹಂಪಮ್ಮ.

ಎಲೆ, ಬಳ್ಳಿ, ಮುಳ್ಳುಕಾಯಿ ಎಲ್ಲವನ್ನೂ ನನ್ನ ಮೇಲೆ ಹರಡಿದಳು. ತೆಳು ಎಣ್ಣೆಹಾಳೆಯ ಚೂರಿನ ಮೇಲೆ ಮಸಿಯಲ್ಲಿ ತನ್ನ ಹೆಸರು ಬರೆದು ಮೂಲೆಗಿಟ್ಟಳು. ಮೇಲೊಂದು ಗಾಜು ಇಟ್ಟು ಅಂಗಳಕ್ಕೊಯ್ದಳು. ತೊಳೆದೆತ್ತಿದಾಗ ನಾನು ಹೇಗಿದ್ದೆ ಅಂತೀರಿ! ಕಡುನೀಲಿ ಮೈ, ನಡುವೆ ಬೆಳ್ಳಗಿನ ನೆಗ್ಗಿಲು, ಮೂಲೆಯಲ್ಲಿ "ಹಂಪಮ್ಮ, ಬಳ್ಳಾರಿ". ತನ್ನ ಹೆಸರನ್ನು ಅವಳು ಮೂರು ಸಲ ಓದಿಕೊಂಡಳು. ಅದನ್ನು ಇನ್ನೊಬ್ಬರೂ ಓದಬೇಕು, ಅವಳ ಆಸೆ ಅಷ್ಟೇ.

ಅಣ್ಣ ಕಚೇರಿಗೊಯ್ದು ತೋರಿಸಿದಾಗ ಅಲ್ಲಿನ ಸಾಹೇಬರು ನನ್ನನ್ನು ಮೆಚ್ಚಿ, ಗೋಡೆಗೆ ಹಾಕೋಣ ಅಂದರು. ಅಣ್ಣ ಕಟ್ಟು ಹಾಕಿಸಿದ. ಆಮೇಲೆ ಮಾಡಿದ್ದೇನು ಗೊತ್ತೇ? ನನ್ನ ಗಾಜಿನ ಮೇಲೆ, ಸರಿಯಾಗಿ ಆ ಮೂಲೆಗೇ, ಹುಣಸೆಬೀಜದ ಅಂಟಿನಿಂದ ಒಂದು ದಪ್ಪ ಚೀಟಿ ಮೆತ್ತಿದ: "ಚನ್ನವೀರಪ್ಪ, ನಕ್ಷೆಗಾರ".

"ಅಣ್ಣಾ, ನನ್ನ ಹೆಸರು?"

"ಹೆಣ್ಣುಮಕ್ಕಳ ಹೆಸರು ಕಚೇರಿ ಗ್ವಾಡಿ ಮ್ಯಾಲೆ ಚಂದ ಕಾಣ್ತೈತೇನವ್ವಾ? ನಂದಾದ್ರೇನು, ನಿಂದಾದ್ರೇನು, ಒಂದ ಮನಿ ಅಲ್ಲೇನು?"

ಎಲಾ ಇವನ! ನನಗೆ ಬಾಯಿದ್ದಿದ್ದರೆ ಅವತ್ತೇ ಕೇಳುತ್ತಿದ್ದೆ, ಒಂದೇ ಆದರೆ ಅವಳದ್ದೇ ಇರಲಿ ಅಂತ. ಹಂಪಮ್ಮ ಎಂಟು ದಿನ ಅಣ್ಣನಿಗೆ ರೊಟ್ಟಿ ಬಡಿಸಿದಳು, ಮಾತಾಡಲಿಲ್ಲ. ಆಮೇಲೂ ನೂರಾರು ಗಿಡಗಳನ್ನು ನೀಲಿ ಹಾಳೆಗಿಳಿಸಿದಳಂತೆ, ಆದರೆ ಒಂದಕ್ಕೂ ಹೆಸರು ಬರೆಯಲಿಲ್ಲವಂತೆ. ಅವಳ ಹೆಸರು ಇದ್ದದ್ದು ನನ್ನೊಂದರ ಮೇಲೆ ಮಾತ್ರ, ಅದೂ ಚೀಟಿಯ ಅಡಿಯಲ್ಲಿ.

ಕಚೇರಿಯಲ್ಲಿ ನನ್ನನ್ನು ಕಿಟಕಿಗೆ ಎದುರಾಗಿ ತೂಗುಹಾಕಿದರು. ಹುಟ್ಟಿಸಿದ ಬಿಸಿಲೇ ದಿನಾ ನನ್ನನ್ನು ಸವೆಸಿತು. ಮೂವತ್ತು ವರ್ಷದಲ್ಲಿ ನೀಲಿಯೆಲ್ಲ ಹೋಗಿ ಹಳೇ ಧೋತರದ ಬಣ್ಣಕ್ಕೆ ಬಂದೆ. ಸಾಹೇಬರುಗಳು ಬದಲಾದರು, ಚನ್ನವೀರಪ್ಪ ರಿಟೈರ್ ಆದ. ಕಡೆಗೊಂದು ದಿನ ಸುಣ್ಣ ಬಳಿಯುವವರು ನನ್ನನ್ನು ಇಳಿಸಿ ರದ್ದಿ ರಾಶಿಗೆ ಎಸೆದರು. ಬಿದ್ದ ರಭಸಕ್ಕೆ, ಅಂಟು ಒಣಗಿದ್ದ ಚೀಟಿ ಪಟಕ್ಕನೆ ಉದುರಿತು.

ಹೊಸದಾಗಿ ಸೇರಿದ್ದ ಟೈಪಿಸ್ಟ್ ಸರ್ವಮಂಗಳಾ ಬಗ್ಗಿ ನೋಡಿದಳು. ನನ್ನ ಮೈಯೆಲ್ಲ ಮಾಸಿತ್ತು. ಚೀಟಿಯಡಿ ಬಿಸಿಲು ಕಾಣದ ಆ ಮೂಲೆ ಮಾತ್ರ ಹುಟ್ಟಿದ ದಿನದ ಕಡುನೀಲಿ! ಅದರ ನಡುವೆ ಬೆಳ್ಳಗೆ, "ಹಂಪಮ್ಮ, ಬಳ್ಳಾರಿ".

"ಅಯ್ಯ, ಇದು ನಮ್ಮ ಟೀಚರಮ್ಮನ ಅಕ್ಷರ! ಬೋರ್ಡಿನ ಮ್ಯಾಲೆ ಏಳು ವರ್ಷ ನೋಡೀನಿ!"

ಅಂದೇ ಸಂಜೆ ನನ್ನನ್ನು ಅವರ ಮನೆಗೊಯ್ದಳು. ತಲೆ ನೆರೆತ ಹಂಪಮ್ಮ ಆ ಹೆಸರಿನ ಮೇಲೆ ಬೆರಳಾಡಿಸಿ ನಕ್ಕೇಬಿಟ್ಟಳು. "ಅಣ್ಣಾ, ಬಾ ಇಲ್ಲಿ. ನಿನ್ನ ಚೀಟೀನೇ ನನ್ನ ಹೆಸರನ್ನ ಬಿಸಿಲಿಂದ ಕಾಯ್ದೈತಿ ನೋಡು."

ಚನ್ನವೀರಪ್ಪ ಕನ್ನಡಕ ಏರಿಸಿ ನೋಡಿದ. "ತಪ್ಪಾತವ್ವಾ ತಂಗಿ," ಅಂದ.

ಈಗ ನಾನು ಹಂಪಮ್ಮನ ಮರದ ಪೆಟ್ಟಿಗೆಯಲ್ಲಿದ್ದೇನೆ. "ಕತ್ತಲಾಗ ಮಲಗಲಿ, ಹೋದ ಬಣ್ಣ ತಿರುಗಿ ಬರ್ತೈತಿ," ಅಂದಿದ್ದಳು. ಅವಳ ಮಾತು ಸುಳ್ಳಾಗಲಿಲ್ಲ, ನೀಲಿ ಅಷ್ಟಷ್ಟೇ ಮರಳುತ್ತಿದೆ. ಜೊತೆಗಿರುವ ಹೆಸರಿಲ್ಲದ ಹಾಳೆಗಳನ್ನು ಚನ್ನವೀರಪ್ಪ ದಿನವೂ ಬೆಳಿಗ್ಗೆ ಒಂದೊಂದಾಗಿ ಹೊರತೆಗೆಯುತ್ತಾನೆ. ನಕ್ಷೆಗೆ ಬರೆದಷ್ಟು ಅಚ್ಚುಕಟ್ಟಾಗಿ ಚೀಟಿ ಬರೆದು ಬೆನ್ನಿಗೆ ಅಂಟಿಸುತ್ತಾನೆ: "ಹಂಪಮ್ಮ, ಬಳ್ಳಾರಿ". ನನ್ನ ಸರದಿ ಬಂದಾಗ ಪೆನ್ನು ಕೆಳಗಿಟ್ಟ. ನನಗೆ ಚೀಟಿ ಬೇಕಾಗಿರಲಿಲ್ಲ.