ಅತ್ತೆಯ ಕನ್ನಡಕ ಮತ್ತು ಇಪ್ಪತ್ತೈದು ಚೌಕ

ಕೋಳಿಮರಿ ಎಲ್ಲಿದೆ ಎಂದು ಅಣ್ಣ ಕೇಳಿ ಮುಗಿಸುವ ಮೊದಲೇ ತಂಗಿ ಹೊಲಿಗೆಯ ನಡುವೆಯೇ ಬೆರಳು ಚಾಚಿ ಇಟ್ಟುಬಿಟ್ಟಳು. ಮೊಬೈಲಿನ ಪರದೆಯ ಮೇಲೆ ಐದು ಸಾಲು, ಸಾಲಿಗೆ ಐದು ಚೌಕ. ಅವಳು ಮುಟ್ಟಿದ ಚೌಕ ತೆರೆದುಕೊಂಡು ಹಳದಿ ಮರಿಯೊಂದು ‘ಚಿಂವ್’ ಎಂದಿತು. ಇದು ಸತತ ಒಂಬತ್ತನೇ ಸಲ.

“ಮೋಸ ಮಾಡ್ತಿದ್ದೀಯ.”

“ಎರಡೂ ಕೈಯಲ್ಲಿ ಅಂಗಿ ಇಟ್ಕೊಂಡು ಬಟನ್ ಹೊಲೀತಿದ್ದೀನಿ. ಮೋಸ ಮಾಡೋಕೆ ಮೂರನೇ ಕೈ ಎಲ್ಲಿಂದ ತರ್ಲಿ?”

ಅಣ್ಣನ ಕೆಲಸ ಮೊಬೈಲ್ ಆಟಗಳನ್ನು ಕಟ್ಟುವುದು. ಬಸ್ ಟಿಕೆಟ್ಟು, ಪೇಪರಿನ ಅಂಚು, ಒಮ್ಮೆ ಮುಂದೆ ಕೂತಿದ್ದವನ ಬಿಳಿ ಅಂಗಿಯ ಬೆನ್ನು, ಎಲ್ಲಿ ಜಾಗ ಕಂಡರೆ ಅಲ್ಲಿ ಚೌಕ ಗೀಚುವುದರಿಂದ ಆಫೀಸಿನಲ್ಲಿ ಅವನಿಗೆ ಚೌಕಣ್ಣ ಎಂದೇ ಹೆಸರು. ಈ ಸಲದ್ದು ಪೂರ್ತಿ ಅದೃಷ್ಟದ ಆಟ. ಒಂದು ಚೌಕದಡಿ ಮರಿ, ಒಂದರಡಿ ಬೆಕ್ಕು. ಮರಿ ಸಿಕ್ಕರೆ ಗೆದ್ದೆ, ಬೆಕ್ಕು ಸಿಕ್ಕರೆ ಕೆಟ್ಟೆ.

ಮೊದಲು ಬಚ್ಚಿಡುವ ಕೆಲಸವನ್ನು ಅವನು ಕಂಪ್ಯೂಟರಿಗೇ ಬಿಟ್ಟಿದ್ದ. ಅದು ಯಾರಿಗೂ ಅಂದಾಜು ಸಿಗದ ಹಾಗೆ ಬಚ್ಚಿಟ್ಟಿತು. ಆಫೀಸಿನವರು ಮೂರು ನಿಮಿಷ ಆಡಿ ಆಕಳಿಸಿದರು. “ಇದರ ಹಿಂದೆ ಯಾರೂ ಇಲ್ಲ ಅನ್ಸುತ್ತೆ. ಸೋತಾಗ ಬೈಯೋಕೆ ಒಬ್ಬರಾದ್ರೂ ಬೇಡ್ವಾ?” ಎಂದಿದ್ದರು ಅವನ ಮೇಲಧಿಕಾರಿ ಮೇಡಂ. ಅದಕ್ಕೇ ಅಣ್ಣ ಹದಿನೈದು ದಿನ ಕೂತು ಮುನ್ನೂರು ಆಟಗಳಲ್ಲಿ ಮರಿಯನ್ನು ತಾನೇ ಕೈಯಾರೆ ಬಚ್ಚಿಟ್ಟ. ಈಗ ಬೈಸಿಕೊಳ್ಳಲು ಅಣ್ಣ ಇದ್ದ, ಸೋತು ಬೈಯುವವರು ಇರಲಿಲ್ಲ.

“ನೀನು ಮೂಲೇಲಿ ಇಡೋದೇ ಇಲ್ಲ ಅಣ್ಣಾ. ಚಿಕ್ಕವನಿದ್ದಾಗ ಮೂಲೇಲಿ ಹಲ್ಲಿ ಬಿದ್ದಿತ್ತಲ್ಲ ತಲೆ ಮೇಲೆ, ಅವತ್ತಿಂದ. ಒಂದ್ಸಲ ಮೇಲಿಟ್ರೆ ಮುಂದಿನ ಸಲ ಕೆಳಗೆ. ಬೆಕ್ಕಂತೂ ಯಾವಾಗ್ಲೂ ಮರಿಯಿಂದ ಮೂರು ಚೌಕ ದೂರ, ಮರಿಗೆ ಭಯ ಆಗ್ಬಾರದು ಅಂತ.”

ಅಣ್ಣ ತಲೆಯ ಮೇಲೆ ಕೈಯಿಟ್ಟು ಕೂತ. ಶನಿವಾರ ಮನೆಯವರನ್ನೆಲ್ಲ ಆಫೀಸಿಗೆ ಕರೆತರಬೇಕೆಂದು ಮೇಡಂ ಹೇಳಿದ್ದರು. ಅವನನ್ನು ಚೆನ್ನಾಗಿ ಬಲ್ಲ ಮನೆಯವರಲ್ಲಿ ಯಾರೇ ಆಗಲಿ ಸತತ ಐದು ಸಲ ಗೆದ್ದರೆ ಆಟಕ್ಕೆ ಬಾಗಿಲು ಬಂದ್, ಅಣ್ಣ ಮತ್ತೆ ಜಾಹೀರಾತು ವಿಭಾಗಕ್ಕೆ. ಅಲ್ಲಿ ಅವನು ಮೂರು ವರ್ಷ ಶಾಂಪೂ ಬಾಟಲಿ ಕಣ್ಣು ಹೊಡೆಯುವ ಹಾಗೆ ಮಾಡುತ್ತಿದ್ದ. ಬರೀ ಅದೊಂದೇ ಕೆಲಸ. ಆಗೆಲ್ಲ ಊಟಕ್ಕೆ ಕೂತಾಗಲೂ ಅವನ ಎಡಗಣ್ಣು ತಾನಾಗಿ ಮಿಟುಕುತ್ತಿದ್ದುದನ್ನು ತಂಗಿ ಮರೆತಿರಲಿಲ್ಲ.

ಒಳಗಿನಿಂದ ಸೋದರತ್ತೆಯ ದನಿ ಬಂತು. “ನನ್ನ ಕನ್ನಡಕ ಯಾರು ತೆಗೆದಿದ್ದು?”

ಯಾರೂ ತೆಗೆದಿರಲಿಲ್ಲ, ಎಂದೂ ತೆಗೆಯುವುದಿಲ್ಲ. ಅತ್ತೆ ತಾವೇ ಎಲ್ಲೋ ಇಟ್ಟು ಮನೆಯವರನ್ನೆಲ್ಲ ಕಟಕಟೆಗೆ ಎಳೆಯುತ್ತಿದ್ದರು. ಸಾಕ್ಷಿಗಿರಲಿ ಎಂದು ಮನೆಯಲ್ಲೊಂದು ನಿಯಮ ಮಾಡಿಕೊಂಡಿದ್ದರು: ಕನ್ನಡಕ ಕಂಡವರು ಜಾಗದ ಹೆಸರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಬರೆಯಬೇಕು. ಹನ್ನೊಂದು ತಿಂಗಳಿಂದ ಬರೆದಿದ್ದರು. ಸಕ್ಕರೆ ಡಬ್ಬ. ಎಡಗಾಲಿನ ಬೂಟು. ಫ್ರಿಜ್ಜಿನ ಮೊಟ್ಟೆಗೂಡು. ಅತ್ತೆಯ ತಲೆ.

ತಂಗಿ ಹುಡುಕಿದಳು. ಇಂದು ಇಸ್ತ್ರಿ ಪೆಟ್ಟಿಗೆಯ ಕೆಳಗಿತ್ತು. ಬರೆಯಲು ಪೆನ್ಸಿಲ್ ಎತ್ತಿದವಳು ಕ್ಯಾಲೆಂಡರಿನ ಮುಂದೆ ಹಾಗೇ ನಿಂತಳು.

“ಅಣ್ಣಾ, ಇಲ್ಲಿ ಬಾ. ನಾಳೆ ಎಲ್ಲಿರುತ್ತೆ ಹೇಳು ನೋಡೋಣ.”

“ಅದನ್ನ ಯಾರು ಹೇಳೋಕಾಗುತ್ತೆ?”

ತಂಗಿ ಬರೆದು ತುಂಬಿದ್ದ ಚೌಕಗಳ ಮೇಲೆ ಪೆನ್ಸಿಲ್ ಆಡಿಸಿ ತೋರಿಸಿದಳು. ಅಣ್ಣ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಕ್ಯಾಲೆಂಡರ್ ನೋಡಿದ. ಆಮೇಲೆ ಅದನ್ನು ಮೊಳೆಯ ಸಮೇತ ಕಿತ್ತುಕೊಂಡು ಕೋಣೆಗೆ ಓಡಿದ.

ಶನಿವಾರದ ಹೊತ್ತಿಗೆ ಮರಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ. ಇಪ್ಪತ್ತೈದು ಚೌಕವೆಂದರೆ ಮನೆಯ ಇಪ್ಪತ್ತೈದು ಜಾಗ. ಬಚ್ಚಿಟ್ಟದ್ದು ಕನ್ನಡಕ. ಹನ್ನೊಂದು ತಿಂಗಳಲ್ಲಿ ಯಾವ ದಿನದಿಂದ ಶುರು ಎಂಬುದನ್ನು ಕಂಪ್ಯೂಟರ್ ಆರಿಸುತ್ತದೆ; ಅಲ್ಲಿಂದ ಮುಂದೆ ಅತ್ತೆ ಓಡಾಡಿಸಿದ ಹಾಗೆ ಕನ್ನಡಕ ಓಡಾಡುತ್ತದೆ. ಒಂದು ಆಟಕ್ಕೆ ಒಂದೇ ಅವಕಾಶ. ತಪ್ಪು ಚೌಕ ಮುಟ್ಟಿದರೆ ಅತ್ತೆಯದೇ ದನಿ: “ಅಲ್ಲಿ ಆಗ್ಲೇ ನೋಡಾಯ್ತು!” ಅಥವಾ “ಕಣ್ಣು ಎಲ್ಲಿಟ್ಟಿದ್ದೀಯ?” ಬೈಗುಳಕ್ಕಾಗಿ ಅತ್ತೆಯನ್ನು ಬೇಡಿಕೊಳ್ಳಬೇಕಾಗಲಿಲ್ಲ. ಅಣ್ಣ ಅಡುಗೆಮನೆಯಲ್ಲಿ ಅರ್ಧ ಗಂಟೆ ರೆಕಾರ್ಡಿಂಗ್ ಹಾಕಿ ಮೊಬೈಲ್ ಇಟ್ಟಿದ್ದ, ಅಷ್ಟೆ.

ಆಫೀಸಿನಲ್ಲಿ ಮೇಡಂ ತಮ್ಮ ಮೊಬೈಲನ್ನು ಮೊದಲು ತಂಗಿಯ ಕೈಗೆ ಕೊಟ್ಟರು. ಕ್ಯಾಲೆಂಡರಿನ ಅರ್ಧದಷ್ಟು ಬರಹ ಅವಳದೇ; ನೆನಪಾಗಿ ಗೆದ್ದುಬಿಟ್ಟರೆ ಕೆಟ್ಟಿತು. ಬೇಕೆಂದೇ ಸೋಲುವುದು ಅವಳಿಗೆ ಬರುತ್ತಿರಲಿಲ್ಲ. ಮುಖ ಕೆಂಪಾಗಿ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು. ಗೆಲ್ಲಲೆಂದೇ ಆಡಿದಳು. ಐದಕ್ಕೆ ಐದೂ ಬೈಸಿಕೊಂಡಳು. ಅಣ್ಣ ಉಸಿರು ಬಿಟ್ಟ.

“ಅದ್ಯಾರೇ ನನ್ನ ಹಾಗೆ ಬೈತಿರೋದು?” ಎಂದು ಅತ್ತೆ ಮೊಬೈಲ್ ಕಿತ್ತುಕೊಂಡರು. ಕೈ ಉದ್ದ ಚಾಚಿ, ಕಣ್ಣು ಕಿರಿದು ಮಾಡಿ ನೋಡಿದರು. ಬೂಟನ್ನು ಮುಟ್ಟಿದರು. ಕನ್ನಡಕ ಸಿಕ್ಕಿತು.

“ಆಕಸ್ಮಿಕ,” ಎಂದ ಅಣ್ಣ.

ಮೊಟ್ಟೆಗೂಡು. ಸಿಕ್ಕಿತು. ಸಕ್ಕರೆ ಡಬ್ಬ. ಸಿಕ್ಕಿತು. ಮೇಡಂ ಕುರ್ಚಿಯಿಂದ ಎದ್ದರು. ನಾಲ್ಕನೇ ಸಲ ದಿಂಬಿನ ಚೀಲದಲ್ಲೂ ಸಿಕ್ಕಾಗ ಅಣ್ಣನ ಎಡಗಣ್ಣು ಪಟಪಟ ಮಿಟುಕತೊಡಗಿತು. ತಂಗಿ ಅವನ ತೋಳು ಹಿಡಿದಳು.

“ನಾನಿಟ್ಟಿದ್ದು ನನಗೆ ಗೊತ್ತಾಗಲ್ವಾ?” ಎಂದು ಬೀಗುತ್ತ ಅತ್ತೆ ಐದನೆಯದಕ್ಕೆ ಬೆರಳು ಒತ್ತಿದರು.

“ಕಣ್ಣು ಎಲ್ಲಿಟ್ಟಿದ್ದೀಯ?” ಎಂದಿತು ಮೊಬೈಲು.

“ಯಾರಿಗೆ ಹೇಳ್ತಿದ್ದೀಯ?” ಎಂದರು ಅತ್ತೆ. ಮತ್ತೆ ಆಡಿದರು.

“ಅಲ್ಲಿ ಆಗ್ಲೇ ನೋಡಾಯ್ತು!”

“ನೋಡಿಲ್ಲ! ನಾನೇ ಇಲ್ಲಿ ಕೂತಿದ್ದೀನಿ, ಯಾರು ನೋಡಿದ್ದು?”

ಅತ್ತೆಗೂ ಅವರ ದನಿಗೂ ಮುಕ್ಕಾಲು ಗಂಟೆ ಜಗಳ ನಡೆಯಿತು. ಅಕ್ಕಪಕ್ಕದ ಮೇಜಿನವರು ಎದ್ದು ಬಂದು ಎರಡು ಪಕ್ಷವಾದರು.

“ಅಮ್ಮಾ, ನನ್ನ ಮೊಬೈಲ್ ಕೊಡ್ತೀರಾ?” ಎಂದು ಮೇಡಂ ಮೂರು ಸಲ ಕೇಳಿದರು.

“ಇರಮ್ಮಾ, ಇದೊಂದೇ ಆಟ.”

ಮೇಡಂ ಅಣ್ಣನತ್ತ ತಿರುಗಿ, “ಶಾಂಪೂನವರಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ ಬಿಡಿ,” ಎಂದರು. ಅಣ್ಣನ ಕಣ್ಣು ಮಿಟುಕುವುದು ನಿಂತಿತು.

ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಕೈಚೀಲ ತಡಕಿದರು. “ನನ್ನ ಕನ್ನಡಕ ಯಾರು ತೆಗೆದಿದ್ದು?”

ಇಡೀ ಆಫೀಸು ಹುಡುಕಿತು. ಕೊನೆಗೆ ಕಂಡದ್ದು ತಂಗಿಗೇ: ಪ್ರಿಂಟರಿನ ಒಳಗೆ, ಬಿಳಿ ಹಾಳೆಗಳ ಮೇಲೆ ಕಾಲು ಮಡಚಿ ಕೂತಿತ್ತು. ಮೇಡಂ ಆಫೀಸಿನ ಗೋಡೆಯ ಕ್ಯಾಲೆಂಡರಿನತ್ತ ನಡೆದು ಅಂದಿನ ಚೌಕದಲ್ಲಿ ತಾವೇ ‘ಪ್ರಿಂಟರ್’ ಎಂದು ಬರೆದರು.

ಅಣ್ಣ ಆಗಲೇ ಬಾಗಿಲ ಮೇಲೆ ಆಟದ ಇಪ್ಪತ್ತಾರನೇ ಚೌಕ ಗೀಚುತ್ತಿದ್ದ.